ಡ್ರೈವ್‌ವೇಯಲ್ಲಿ ನಿಂತ ಆರ್‌ವಿಗೆ ಯಾವ ವೈರು ಹಾಕಬೇಕು?

ಪ್ರಶ್ನೆ: ನಾವು ಟೆಕ್ಸಾಸ್‌ನಲ್ಲಿದ್ದೇವೆ. ಈಚೆಗೆ ಹಳೆಯ ಆರ್‌ವಿ (ಒಳಗೇ ಮಲಗಿ, ಅಡುಗೆ ಮಾಡಿಕೊಂಡು ಊರೂರು ಸುತ್ತುವ ಗಾಡಿ) ಒಂದನ್ನು ಕೊಂಡೆವು. ಜೂನ್‌ನಲ್ಲಿ ಊರಿನಿಂದ ಅಪ್ಪ-ಅಮ್ಮ ಬರುತ್ತಾರೆ. ಅವರನ್ನು ಕರೆದುಕೊಂಡು ಹೊರಡುವ ತನಕ ಎರಡು ವಾರ ಗಾಡಿ ಮನೆ ಮುಂದೆ ಡ್ರೈವ್‌ವೇಯಲ್ಲೇ ನಿಂತಿರುತ್ತದೆ. ಗ್ಯಾರೇಜಿನ ಪ್ಲಗ್‌ನಿಂದ ಅದಕ್ಕೆ ಕರೆಂಟ್ ಕೊಡಬೇಕು. ದೀಪಾವಳಿಯ ಸೀರಿಯಲ್ ಸೆಟ್‌ಗೆ ಅಂತ ತಂದಿದ್ದ ಕಿತ್ತಳೆ ಬಣ್ಣದ 50 ಅಡಿ ಎಕ್ಸ್‌ಟೆನ್ಷನ್ ಕಾರ್ಡ್ ಇದೆ. ಅದೇ ಸಾಕಾಗುತ್ತದಾ? ಎಸಿ ಓಡಿಸಬಹುದಾ?

ಉತ್ತರ: ಬ್ಯಾಟರಿ ಚಾರ್ಜ್ ಆಗುತ್ತಿರಲಿ, ಒಳಗೆ ಎರಡು ಲೈಟ್ ಉರಿಯಲಿ ಅನ್ನುವಷ್ಟಕ್ಕೆ ಆ ಕಿತ್ತಳೆ ವೈರು ಸಾಕು. ಎಸಿಗೆ ಮಾತ್ರ ಬೇಡ. ನಿಮ್ಮ ಗ್ಯಾರೇಜಿನ ಬ್ರೇಕರ್ 20 ಆಂಪ್‌ನದ್ದಾದರೆ ಅದಕ್ಕೆ ಮೈಮೇಲೆ 12/3 ಅಂತ ಅಚ್ಚಾಗಿರುವ, ಗಾಡಿ ಮುಟ್ಟುವಷ್ಟೇ ಉದ್ದದ ವೈರು ತನ್ನಿ. ಅವಸರದಲ್ಲಿರುವವರು ಇಲ್ಲಿಗೇ ನಿಲ್ಲಿಸಬಹುದು. ಆದರೆ ಈ ವಿಷಯದಲ್ಲಿ ನಮ್ಮ ಊರಿನ ಅಂದಾಜು ನಮಗೇ ಕೈಕೊಡುತ್ತದೆ. ಅದು ಯಾಕೆ ಅಂತ ತಿಳಿದಿದ್ದರೆ ಮುಂದೆ ಅಂಗಡಿಯಲ್ಲಿ ಯಾರನ್ನೂ ಕೇಳಬೇಕಾಗುವುದಿಲ್ಲ.

ನಾವು ಬೆಳೆದದ್ದು 230 ವೋಲ್ಟ್ ಕರೆಂಟಿನ ಜೊತೆ. ಅಮೆರಿಕದಲ್ಲಿ ಗೋಡೆಯ ಪ್ಲಗ್‌ನಲ್ಲಿ ಬರುವುದು 120. ವೋಲ್ಟೇಜ್ ಅರ್ಧಕ್ಕಿಳಿದರೆ ಅದೇ ಕೆಲಸಕ್ಕೆ ಎರಡರಷ್ಟು ಆಂಪ್ ಬೇಕು. 1500 ವಾಟ್‌ನ ಹೀಟರ್ ಊರಲ್ಲಿ ಆರೂವರೆ ಆಂಪ್ ಎಳೆದರೆ ಇಲ್ಲಿ ಹನ್ನೆರಡೂವರೆ ಎಳೆಯುತ್ತದೆ. ಬಿಸಿಯ ಲೆಕ್ಕ ಇನ್ನೂ ಕೆಟ್ಟದ್ದು. ಆಂಪ್ ಎರಡು ಪಟ್ಟಾದರೆ ಅದೇ ವೈರಿನಲ್ಲಿ ಹುಟ್ಟುವ ಬಿಸಿ ನಾಲ್ಕು ಪಟ್ಟು. ಮದುವೆ ಮನೆಯಲ್ಲಿ ವೈರಿನ ತುದಿ ಸುಲಿದು, ಬೆಂಕಿಕಡ್ಡಿ ಚುಚ್ಚಿ ಸಾಕೆಟ್‌ಗೆ ಸಿಗಿಸಿ ರಾತ್ರಿಯಿಡೀ ಲೈಟ್ ಉರಿಸಿದ್ದನ್ನು ನಾವೆಲ್ಲ ನೋಡಿದವರೇ, ಅಲ್ವಾ? ಅಲ್ಲೇ ಅದು ತಪ್ಪು. ಆ ಧೈರ್ಯವನ್ನು ಇಲ್ಲಿ ಎಸಿಯ ಮೇಲೆ ತೋರಿಸಿದರೆ ವಾಸನೆ ಬರುವುದಕ್ಕೆ ಜಾಸ್ತಿ ಹೊತ್ತು ಬೇಕಾಗುವುದಿಲ್ಲ.

ಇದು ನನ್ನದೇ ಅನುಭವ. ಮೊದಲ ವರ್ಷ ಇಂಥದ್ದೇ ಕಿತ್ತಳೆ ವೈರು ಎಳೆದು ಎಸಿ ಹಾಕಿ, ಒಳಗೆ ಮಲಗಿಬಿಟ್ಟಿದ್ದೆ. ಎದ್ದಾಗ ಸುಟ್ಟ ಪ್ಲಾಸ್ಟಿಕ್ ವಾಸನೆ. ವೈರು ನೋಡಿದರೆ ಚೆನ್ನಾಗಿಯೇ ಇತ್ತು. ಕರಗಿದ್ದು ಪ್ಲಗ್ಗು. ಅಡಾಪ್ಟರ್‌ಗೂ ಅದಕ್ಕೂ ಅಂಟಿಕೊಂಡು, ಕೊನೆಗೆ ಇಕ್ಕಳ ಹಾಕಿ ಕೀಳಬೇಕಾಯಿತು.

ಇನ್ನು ಆ 12/3 ಅಂದರೇನು? ಇಲ್ಲಿ ವೈರಿನ ದಪ್ಪವನ್ನು ಗೇಜ್‌ನಲ್ಲಿ ಹೇಳುತ್ತಾರೆ. ವೈರಿನ ಮೇಲೆ ಎಡಬ್ಲ್ಯುಜಿ ಅಂತ ಅಚ್ಚಾಗಿರುತ್ತದೆ. ಇದು ಉಲ್ಟಾ ಲೆಕ್ಕ: ನಂಬರ್ ಇಳಿದಷ್ಟೂ ವೈರು ದಪ್ಪ. ಊರಿನ ಎಲೆಕ್ಟ್ರಿಷಿಯನ್ ಭಾಷೆಗೆ ತಂದರೆ 16 ಗೇಜ್ ಅಂದರೆ 1.3 ಸ್ಕ್ವೇರ್ ಎಂಎಂ. ನಮ್ಮ ಮನೆಗಳಲ್ಲಿ ಲೈಟು-ಫ್ಯಾನಿಗೆ ಎಳೆಯುವ ಒಂದೂವರೆಯ ವೈರಿಗಿಂತಲೂ ಸಣ್ಣದು! 14 ಗೇಜ್ 2.1 ಇರುತ್ತದೆ, 12 ಗೇಜ್ 3.3, 10 ಗೇಜ್ 5.3. ಊರಲ್ಲಿ ಗೀಸರ್‌ಗೆ ಹಾಕುವ ನಾಲ್ಕರ ವೈರು 12ಕ್ಕೂ 10ಕ್ಕೂ ನಡುವೆ ಬರುತ್ತದೆ. ಗೀಟಿನ ಆಚೆಯ 3 ಅಂದರೆ ಒಳಗೆ ಮೂರು ತಂತಿ: ಫೇಸ್, ನ್ಯೂಟ್ರಲ್, ಅರ್ಥ್. ತೋಟದ ಕೆಲಸಕ್ಕೆ ಅಂತ ಮಾರುವ ಕಿತ್ತಳೆ ವೈರುಗಳಲ್ಲಿ ಜಾಸ್ತಿ ಸಿಗುವುದು 16/3. ನಿಮ್ಮದೂ ಅದೇ ಇರಬಹುದು, ಒಮ್ಮೆ ಓದಿ ನೋಡಿ. ಮೇಲಿನ ಹೊದಿಕೆ ದಪ್ಪ ಇದೆ ಅಂತ ಮೋಸ ಹೋಗಬೇಡಿ, ತಾಮ್ರ ಎಷ್ಟಿದೆ ಅನ್ನುವುದು ಮುಖ್ಯ. ಎಸ್‌ಜೆಟಿಡಬ್ಲ್ಯು ಅನ್ನುವಂಥ ಅಕ್ಷರಗಳೂ ಇರುತ್ತವೆ. ಅದರಲ್ಲಿ ಡಬ್ಲ್ಯು ಇದ್ದರೆ ಮಳೆ ಬಿಸಿಲಿಗೆ ಹೊರಗೆ ಹಾಕಬಹುದು ಎಂದರ್ಥ. ಅದು ಇರಲೇಬೇಕು.

ಉದ್ದ ಯಾಕೆ ಮುಖ್ಯ? ಒಂದು ಸಣ್ಣ ಲೆಕ್ಕ ನೋಡಿ. 50 ಅಡಿಯ 16 ಗೇಜ್ ವೈರಿನಲ್ಲಿ 12 ಆಂಪ್ ಹರಿದರೆ ದಾರಿಯಲ್ಲೇ ಸುಮಾರು 5 ವೋಲ್ಟ್ ಸೋರಿಹೋಗುತ್ತದೆ. 100 ಅಡಿಗೆ ಸುಮಾರು 10. ಅದೇ 12 ಗೇಜ್ ಆದರೆ 50 ಅಡಿಗೆ 2 ವೋಲ್ಟ್ ಮಾತ್ರ. ಐದು ವೋಲ್ಟ್ ತಾನೇ, ಬಿಡು ಅನ್ನಿಸಬಹುದು. ಆದರೆ ಮನೆಯೊಳಗಿನ ವೈರಿಂಗ್ ಒಂದೆರಡು ವೋಲ್ಟ್ ತಿಂದಿರುತ್ತದೆ. ಬೇಸಿಗೆಯ ಮಧ್ಯಾಹ್ನ ಬೀದಿಯಲ್ಲೆಲ್ಲ ಎಸಿ ಓಡುವಾಗ ಲೈನ್ ವೋಲ್ಟೇಜೂ ಒಂದಿಷ್ಟು ಇಳಿದಿರುತ್ತದೆ. ಅದರ ಮೇಲೆ ಕಂಪ್ರೆಸರ್ ಶುರುವಾಗುವ ಕ್ಷಣದಲ್ಲಿ ಓಡುವಾಗಿನ ಹಲವು ಪಟ್ಟು ಆಂಪ್ ಒಮ್ಮೆಲೇ ಎಳೆಯುತ್ತದೆ. ಆಗ ಸಣ್ಣ ವೈರಿನ ತುದಿಯಲ್ಲಿ ಏನು ಉಳಿಯುತ್ತದೆ ಹೇಳಿ?

ಹೊಲದಲ್ಲಿ ಪಂಪ್‌ಸೆಟ್ ಇದ್ದ ಮನೆಯವರಿಗೆ ಮುಂದಿನದ್ದನ್ನು ಬಿಡಿಸಿ ಹೇಳಬೇಕಿಲ್ಲ. ಲೋ ವೋಲ್ಟೇಜ್‌ನಲ್ಲಿ ಮೋಟರ್ ಹಾಕಿ, ಕಾಯಿಲ್ ಸುಟ್ಟು, ರಿವೈಂಡಿಂಗ್ ಅಂಗಡಿಗೆ ಹೊತ್ತುಕೊಂಡು ಹೋದದ್ದು ನಿಮ್ಮ ಅಪ್ಪನಿಗೂ ನೆನಪಿರಬಹುದು. ವೋಲ್ಟೇಜ್ ಇಳಿದರೆ ಮೋಟರ್ ಸುಮ್ನೆ ನಿಧಾನವಾಗುವುದಿಲ್ಲ. ಆಂಪ್ ಜಾಸ್ತಿ ಎಳೆದು ಬಿಸಿಯಾಗುತ್ತದೆ. ಆರ್‌ವಿಯ ತಲೆಮೇಲಿನ ಎಸಿಗೂ ಅದೇ ಗತಿ. ಗಾಡಿಯೊಳಗಿನ ಪ್ಲಗ್‌ಗೆ ಚುಚ್ಚಿಡುವ ಚಿಕ್ಕ ವೋಲ್ಟ್‌ಮೀಟರ್ ಸಿಗುತ್ತದೆ. ಎಸಿ ಓಡುವಾಗ ಅದು 105ಕ್ಕಿಂತ ಕೆಳಗೆ ತೋರಿಸಿದರೆ ಎಸಿ ಆರಿಸಿಬಿಡಿ.

ಒಳ್ಳೆಯ ವೈರು ತಂದ ಮಾತ್ರಕ್ಕೂ ಕೆಲಸ ಮುಗಿಯುವುದಿಲ್ಲ. ನಿಮ್ಮ ಗಾಡಿಯ ವೈರಿಗೆ ಮೂರು ದಪ್ಪ ಪಿನ್ ಇದ್ದರೆ ಅದು 30 ಆಂಪ್‌ನದ್ದು. ಅದು ಗ್ಯಾರೇಜಿನ ಪ್ಲಗ್‌ಗೆ ಹೊಂದುವುದಿಲ್ಲ, ನಡುವೆ ಅಡಾಪ್ಟರ್ ಬೇಕು. ಇಲ್ಲಿನವರು ಅದಕ್ಕೆ ಡಾಗ್‌ಬೋನ್ ಅನ್ನುತ್ತಾರೆ. ನೋಡಲು ನಾಯಿ ಕಡಿಯುವ ಮೂಳೆಯ ಹಾಗೇ ಇರುತ್ತದೆ. ಆದರೆ ಅಡಾಪ್ಟರ್ ಬದಲಿಸುವುದು ಪಿನ್ನಿನ ಆಕಾರವನ್ನು ಮಾತ್ರ. ಎಷ್ಟು ಆಂಪ್ ಸಿಗುತ್ತದೆ ಅನ್ನುವುದನ್ನು ಹೇಳುವುದು ಬ್ರೇಕರ್. ಪ್ಯಾನೆಲ್ ಬಾಗಿಲು ತೆಗೆದು ನಿಮ್ಮ ಗ್ಯಾರೇಜಿನ ಬ್ರೇಕರ್ ಮೇಲೆ 15 ಇದೆಯೋ 20 ಇದೆಯೋ ನೋಡಿ. ಗಂಟೆಗಟ್ಟಲೆ ಓಡಿಸುವುದಾದರೆ ಅದರ ಶೇಕಡಾ 80ರಷ್ಟನ್ನೇ ಲೆಕ್ಕಕ್ಕೆ ಹಿಡಿಯಬೇಕು: 15ಕ್ಕೆ 12, 20ಕ್ಕೆ 16. ಸಾಮಾನ್ಯವಾದ 13,500 ಬಿಟಿಯು ಎಸಿ ಒಂದೇ 12-13 ಆಂಪ್ ನುಂಗುತ್ತದೆ. ಹಾಗಾಗಿ 15ರ ಬ್ರೇಕರ್ ಆದರೆ ಎಸಿ ಆಸೆ ಬಿಡಿ. 20 ಆದರೆ ಎಸಿ ಮಾತ್ರ ಓಡಿಸಬಹುದು, ಬೇರೇನೂ ಇಲ್ಲ. ಗಾಡಿಯ ಗೀಸರ್ ಒಂದೇ ಸುಮಾರು 12 ಆಂಪ್. ಗ್ಯಾಸ್‌ನಲ್ಲೂ ನಡೆಯುವ ಗೀಸರ್, ಫ್ರಿಜ್ ಇದ್ದರೆ ಅವನ್ನು ಗ್ಯಾಸ್‌ಗೆ ತಿರುಗಿಸಿ. ಎಸಿ ಓಡುವಾಗ ಅಮ್ಮ ಒಳಗೆ ಇಂಡಕ್ಷನ್ ಒಲೆ ಹಚ್ಚಿದರೆ ಅದು 1800 ವಾಟ್, ಅಂದರೆ 15 ಆಂಪ್. ಒಗ್ಗರಣೆ ಸಿಡಿಯುವ ಮೊದಲೇ ಬ್ರೇಕರ್ ಬಿದ್ದಿರುತ್ತದೆ. ಗ್ಯಾರೇಜಿನ ಫ್ರೀಜರ್ ಕೂಡ ಅದೇ ಬ್ರೇಕರ್ ಮೇಲಿದ್ದರೆ ಅದರಲ್ಲಿಟ್ಟ ತೆಂಗಿನ ತುರಿಯೂ ಕರಗೀತು. (ನಾಲ್ಕು ಪಿನ್ನಿನ 50 ಆಂಪ್ ಗಾಡಿಯಾದರೂ ಈ ಪ್ಲಗ್‌ನಿಂದ ಸಿಗುವುದು ಇಷ್ಟೇ.)

ಗ್ಯಾರೇಜಿನ ಪ್ಲಗ್‌ನಲ್ಲಿ ಟೆಸ್ಟ್, ರೀಸೆಟ್ ಅಂತ ಎರಡು ಬಟನ್ ಇರಬಹುದು. ಅದು ಊರಿನ ಇಎಲ್‌ಸಿಬಿ ಮಾಡುವ ಕೆಲಸವನ್ನೇ ಮಾಡುತ್ತದೆ: ಕರೆಂಟ್ ಎಲ್ಲಾದರೂ ಸೋರಿದರೆ ತಾನೇ ಬಿದ್ದು ಲೈನ್ ಕಡಿಯುತ್ತದೆ. ಗಾಡಿ ಸಿಕ್ಕಿಸಿದ ಕೂಡಲೇ ಅದು ಬೀಳುತ್ತಿದ್ದರೆ ಬೈದುಕೊಂಡು ಬೇರೆ ಪ್ಲಗ್ ಹುಡುಕಬೇಡಿ. ಜೋಡಣೆಯಲ್ಲಿ ನೀರು ಹೋಗಿರಬಹುದು, ಗೀಸರ್ ಕಾಯಿಲ್ ಹಾಳಾಗಿರಬಹುದು. ಅರ್ಥ್ ಪಿನ್ ಮುರಿದ ವೈರನ್ನಂತೂ ಬಳಸಲೇಬೇಡಿ. ಗಾಡಿ ನಿಂತಿರುವುದು ರಬ್ಬರ್ ಟೈರ್ ಮೇಲೆ. ಅರ್ಥ್ ತಂತಿ ಇಲ್ಲದೆ, ಒಳಗೆಲ್ಲೋ ಫೇಸ್ ತಗುಲಿಕೊಂಡರೆ ಗಾಡಿಯ ಇಡೀ ಮೈಗೆ ಕರೆಂಟ್ ಬಂದು ನಿಲ್ಲುತ್ತದೆ. ಒಳಗಿರುವವರಿಗೆ ಗೊತ್ತೇ ಆಗುವುದಿಲ್ಲ. ಬೆಳಗ್ಗೆ ಬರಿಗಾಲಲ್ಲಿ ಒದ್ದೆ ಹುಲ್ಲಿನ ಮೇಲೆ ಓಡಾಡಿ ಬಂದು ಬಾಗಿಲ ಹಿಡಿಗೆ ಕೈಹಾಕಿದ ಅಪ್ಪನಿಗೆ ಹೊಡೆಯುತ್ತದೆ. ಮೂರು ದೀಪದ ಪ್ಲಗ್ ಟೆಸ್ಟರ್ ಕೆಲವೇ ಡಾಲರ್‌ಗೆ ಸಿಗುತ್ತದೆ. ಗಾಡಿ ಸಿಕ್ಕಿಸುವ ಮೊದಲು ವೈರಿನ ತುದಿಗೆ ಅದನ್ನು ಚುಚ್ಚಿ ಅರ್ಥ್ ಇದೆಯಾ ನೋಡಿ.

ಟೆಕ್ಸಾಸ್‌ನ ಜೂನ್, ಎರಡು ವಾರ, ವಯಸ್ಸಾದವರು ಒಳಗೆ ಮಲಗುತ್ತಾರೆ ಅನ್ನುವುದಾದರೆ ನಾನು ಎಕ್ಸ್‌ಟೆನ್ಷನ್ ಬಿಟ್ಟು ಗ್ಯಾರೇಜಿನ ಹೊರಗೆ 30 ಆಂಪ್‌ನ ಆರ್‌ವಿ ಸಾಕೆಟ್ ಹಾಕಿಸುತ್ತೇನೆ. ಅದರ ಹೆಸರು ಟಿಟಿ-30. ಇಲ್ಲಿ ಹಲವರು ಬಿದ್ದ ಹಳೆಯ ಗುಂಡಿಯೊಂದಿದೆ. 30 ಆಂಪ್, ಮೂರು ತೂತು ಅಂದ ಕೂಡಲೇ ಕೆಲವು ಎಲೆಕ್ಟ್ರಿಷಿಯನ್‌ಗಳು ಬಟ್ಟೆ ಒಣಗಿಸುವ ಡ್ರೈಯರ್‌ನ ಸಾಕೆಟ್ ಅಂದುಕೊಂಡು 240 ವೋಲ್ಟ್ ಕೊಟ್ಟುಬಿಡುತ್ತಾರೆ. ಟಿಟಿ-30ಗೆ ಬೇಕಾದದ್ದು 120. 240 ಬಂದರೆ ಮೊದಲ ಸಲ ಸಿಕ್ಕಿಸಿದಾಗಲೇ ಮೈಕ್ರೋವೇವ್, ಬ್ಯಾಟರಿ ಚಾರ್ಜರ್, ಟಿವಿ ಎಲ್ಲ ಒಟ್ಟಿಗೆ ಹೋಗುತ್ತವೆ. ಆ ಮನುಷ್ಯ ಎಷ್ಟೇ ಅನುಭವಿ ಆಗಿರಲಿ, 120 ಅಂತ ಬರೆದುಕೊಡಿ. ಕೆಲಸ ಮುಗಿದ ಮೇಲೆ ಅವರ ಎದುರಿಗೇ ಮಲ್ಟಿಮೀಟರ್ ಇಡಿಸಿ ನೋಡಿ. ಬೇಜಾರು ಮಾಡಿಕೊಂಡರೆ ಮಾಡಿಕೊಳ್ಳಲಿ. ಆ ಸಾಕೆಟ್‌ನಿಂದಲೂ ಗಾಡಿಗೆ ದೂರವಾದರೆ 30 ಆಂಪ್‌ನದ್ದೇ 10 ಗೇಜ್ ಎಕ್ಸ್‌ಟೆನ್ಷನ್ ಬೇಕು. 12 ಅಲ್ಲಿ ಸಾಲದು.

ಸದ್ಯಕ್ಕೆ 12/3 ತಂದಿರಿ ಅಂದುಕೊಳ್ಳೋಣ. ಸುರುಳಿಯನ್ನು ಪೂರ್ತಿ ಬಿಚ್ಚಿ ಹಾಕಿ. ಸುತ್ತಿಟ್ಟ ವೈರಿನ ಬಿಸಿ ಹೊರಗೆ ಹೋಗಲು ಜಾಗ ಇರುವುದಿಲ್ಲ. ಎರಡು ವೈರನ್ನು ಒಂದಕ್ಕೊಂದು ಸೇರಿಸಬೇಡಿ, ಗ್ಯಾರೇಜ್ ಬಾಗಿಲ ಕೆಳಗೆ ಅದು ಜಜ್ಜಿಹೋಗದಂತೆ ನೋಡಿಕೊಳ್ಳಿ. ಅಡಾಪ್ಟರ್ ಸೇರುವ ಜಾಗ ನೆಲದ ನೀರಿಗೆ ತಗುಲದ ಹಾಗೆ ಎತ್ತರದಲ್ಲಿರಲಿ. ಎಸಿ ಹಾಕಿ ಅರ್ಧ ಗಂಟೆಯಾದ ಮೇಲೆ ಗೋಡೆಯ ಪ್ಲಗ್ಗನ್ನೂ ಅಡಾಪ್ಟರ್ ಅನ್ನೂ ಮುಟ್ಟಿ ನೋಡಿ. ಬೆಚ್ಚಗಿದ್ದರೆ ಪರವಾಗಿಲ್ಲ. ಕೈಯಲ್ಲಿ ಹಿಡಿಯಲಾಗದಷ್ಟು ಸುಟ್ಟರೆ ಮೊದಲು ಎಸಿ ಆರಿಸಿ, ಆಮೇಲೆ ಬ್ರೇಕರ್ ಇಳಿಸಿ, ಅದಾದ ಮೇಲೆ ಪ್ಲಗ್ ಕೀಳಿ. ಪಿನ್ನಿನ ಬುಡದಲ್ಲಿ ಕಂದು ಕಲೆ ಕಂಡರೆ ಸಾಕೆಟ್ ಸಡಿಲಾಗಿದೆ. ಅದನ್ನು ಬದಲಿಸುವ ತನಕ ಅಪ್ಪ-ಅಮ್ಮ ಮನೆಯೊಳಗೇ ಮಲಗಲಿ.