"ನನಗೇನೂ ಕೋಪ ಇಲ್ಲ ಡಾಕ್ಟ್ರೇ, ಜನ ಸರಿ ಇಲ್ಲ"

ಬಿಪಿ ನೋಡುವಾಗ ರೋಗಿಯನ್ನು ಮಾತಾಡಿಸಬಾರದು. ಓದುವಾಗಲೇ ನಮಗೆ ಹೇಳಿಕೊಡುವ ಪಾಠ ಇದು. ಒಂದು ದಿನ ಬೇಕಂತಲೇ ಆ ನಿಯಮ ಮುರಿದೆ.

ತಿಪಟೂರು ಕಡೆಯ ರೈತರು, ಅರವತ್ತರ ಹತ್ತಿರ ವಯಸ್ಸು. ಎರಡು ಬಗೆಯ ಬಿಪಿ ಮಾತ್ರೆ ತಪ್ಪದೆ ನುಂಗುತ್ತಾರೆ, ಉಪ್ಪಿನಕಾಯಿ ಬಿಟ್ಟಿದ್ದಾರೆ, ಬೀಡಿ ಮುಟ್ಟುವುದಿಲ್ಲ. ಬಿಪಿ ಮಾತ್ರ ಹತೋಟಿಗೆ ಬರುತ್ತಿರಲಿಲ್ಲ. ಐದು ನಿಮಿಷ ಸುಮ್ಮನೆ ಕೂರಿಸಿ ನೋಡಿದಾಗ 144/88 ಇತ್ತು. ತೋಳಿನ ಪಟ್ಟಿ ಬಿಚ್ಚದೆ, "ತಮ್ಮನ ಕೇಸು ಎಲ್ಲಿಗೆ ಬಂತು ಯಜಮಾನ್ರೇ?" ಅಂತ ಕೇಳಿದೆ. ಬದುವಿನ ಮೇಲಿರುವ ಎರಡು ತೆಂಗಿನ ಮರ ಯಾರಿಗೆ ಸೇರಬೇಕು ಅನ್ನುವ ಕೇಸು ಅದು, ಹನ್ನೊಂದು ವರ್ಷದಿಂದ ನಡೆಯುತ್ತಿದೆ. ಅವರು ಹೇಳುತ್ತಾ ಹೋದರು, ನಾನು ಮತ್ತೆ ಗುಂಡಿ ಒತ್ತಿದೆ. 178/104. ಮಾತಾಡಿದರೂ ಬಿಪಿ ಸ್ವಲ್ಪ ಏರುತ್ತದೆ, ನಿಜ. ಅದಕ್ಕೇ ಸ್ವಲ್ಪ ಹೊತ್ತು ಬಿಟ್ಟು, ಮೊಮ್ಮಗಳ ಸ್ಕೂಲಿನ ವಿಷಯ ಮಾತಾಡಿಸುತ್ತಾ ಇನ್ನೊಮ್ಮೆ ನೋಡಿದೆ. 152/90.

ಮೂರೂ ಅಂಕಿ ತೋರಿಸಿದೆ. "ನನಗೇನೂ ಕೋಪ ಇಲ್ಲ ಡಾಕ್ಟ್ರೇ, ಜನ ಸರಿ ಇಲ್ಲ" ಅಂದರು.

ಈ ಮಾತನ್ನು ನಾನು ಮತ್ತೆ ಮತ್ತೆ ಕೇಳುತ್ತೇನೆ. ಹೇಳುವವರು ಸುಳ್ಳು ಹೇಳುತ್ತಿರುವುದಿಲ್ಲ. ಕೋಪ ಅಂದರೆ ಕೂಗಾಟ, ತಟ್ಟೆ ಎಸೆಯುವುದು ಅಂತ ನಾವು ಅಂದುಕೊಂಡಿದ್ದೇವೆ. ಅಂಥ ಸಿಟ್ಟು ಬಂದವರಿಗೂ ಗೊತ್ತಾಗುತ್ತದೆ, ಪಕ್ಕದ ಮನೆಯವರಿಗೂ ಗೊತ್ತಾಗುತ್ತದೆ. ನಾನು ಹೇಳಹೊರಟಿರುವುದು ವರ್ಷಗಟ್ಟಲೆ ಒಳಗೊಳಗೇ ಕುದಿಯುವ ಹಗೆತನದ ಬಗ್ಗೆ. ಎಲ್ಲರೂ ಮೋಸ ಮಾಡುತ್ತಾರೆ, ನಕ್ಕರೆ ಅದರ ಹಿಂದೆ ಏನೋ ಇದೆ, ಫೋನ್ ಎತ್ತಲಿಲ್ಲ ಅಂದರೆ ಬೇಕಂತಲೇ ಎತ್ತಲಿಲ್ಲ. ಅದನ್ನು ಹೊತ್ತವರಿಗೆ ಅದು ಕೋಪ ಅನ್ನಿಸುವುದೇ ಇಲ್ಲ. ತಾವು ಸರಿ ಇದ್ದೇವೆ ಅಂತ ಅನ್ನಿಸುತ್ತದೆ. ಅದಕ್ಕೇ ಇದಕ್ಕೆ ಚಿಕಿತ್ಸೆ ಕೇಳಿಕೊಂಡು ಯಾರೂ ಬರುವುದಿಲ್ಲ. ಬರುವುದು ಬಿಪಿಗೆ, ತಲೆನೋವಿಗೆ, ನಿದ್ದೆ ಬಾರದ್ದಕ್ಕೆ, ರಾತ್ರಿಯೆಲ್ಲಾ ಹಲ್ಲು ಕಡಿದು ಬೆಳಿಗ್ಗೆ ದವಡೆ ನೋಯುವುದಕ್ಕೆ.

ವೈದ್ಯರಿಗೂ ಇದು ಬೇಗ ಹೊಳೆಯಲಿಲ್ಲ. 1950ರ ದಶಕದಲ್ಲಿ ಸ್ಯಾನ್ ಫ್ರಾನ್ಸಿಸ್ಕೋದ ಹೃದಯ ತಜ್ಞರಾದ ಮೇಯರ್ ಫ್ರೀಡ್‌ಮನ್ ಮತ್ತು ರೇ ರೋಸೆನ್‌ಮನ್ ‘ಟೈಪ್ ಎ’ ಸ್ವಭಾವದ ಬಗ್ಗೆ ಹೇಳಿದರು. ಸದಾ ಅವಸರ, ಪೈಪೋಟಿ, ಸಿಡುಕು ಇರುವವರಿಗೆ ಹೃದಯಾಘಾತ ಜಾಸ್ತಿ ಅನ್ನುವುದು ಅವರ ಮಾತು. ಆಮೇಲೆ ಬಂದವರು ಈ ಗಂಟನ್ನು ಬಿಚ್ಚಿ ನೋಡಿದಾಗ, ಅವಸರವಾಗಲೀ ಮೈಮುರಿದು ದುಡಿಯುವುದಾಗಲೀ ಅಷ್ಟು ದೊಡ್ಡ ತಪ್ಪಿತಸ್ಥ ಆಗಿರಲಿಲ್ಲ, ಹೆಚ್ಚು ಅನುಮಾನ ಬಿದ್ದದ್ದು ಹಗೆತನದ ಮೇಲೆ. 2009ರಲ್ಲಿ ಹಲವು ಅಧ್ಯಯನಗಳನ್ನು ಒಟ್ಟುಗೂಡಿಸಿ ನೋಡಿದಾಗ, ಕೋಪ ಮತ್ತು ಹಗೆತನ ಜಾಸ್ತಿ ಇರುವ ಆರೋಗ್ಯವಂತರಲ್ಲಿ ಹೃದಯದ ಕಾಯಿಲೆಯ ಅಪಾಯ ಸುಮಾರು 19% ಹೆಚ್ಚಿತ್ತು. ಸಿಗರೇಟಿನಷ್ಟು, ಸಕ್ಕರೆ ಕಾಯಿಲೆಯಷ್ಟು ದೊಡ್ಡ ಅಪಾಯ ಇದಲ್ಲ. ಆದರೆ ಹಗೆತನ ಒಂಟಿಯಾಗಿ ಬರುವುದಿಲ್ಲ ನೋಡಿ. ಸಿಟ್ಟಿಗೆ ಒಂದು ಸಿಗರೇಟು, ನಿದ್ದೆಗೆ ಒಂದು ಪೆಗ್ಗು, ಡಾಕ್ಟರ ಮೇಲೂ ನಂಬಿಕೆ ಇಲ್ಲದೆ ಅರ್ಧಕ್ಕೇ ಬಿಟ್ಟ ಮಾತ್ರೆ, ಎಲ್ಲವೂ ಜೊತೆಗೇ ಬರುತ್ತವೆ.

ಒಳಗೆ ಏನಾಗುತ್ತದೆ? ಸಿಟ್ಟು ಬಂದಾಗ ಅಡ್ರಿನಲಿನ್ ಸುರಿಯುತ್ತದೆ. ಎದೆ ಬಡಿತ ಏರುತ್ತದೆ, ರಕ್ತನಾಳ ಬಿಗಿಯುತ್ತದೆ, ಯಕೃತ್ತು ಸಕ್ಕರೆಯನ್ನು ರಕ್ತಕ್ಕೆ ಬಿಡುತ್ತದೆ, ರಕ್ತ ಹೆಪ್ಪುಗಟ್ಟಲು ಸಜ್ಜಾಗುತ್ತದೆ. ಚಿರತೆ ಎದುರಾದರೆ ಇದೆಲ್ಲಾ ಬೇಕು. ತಮ್ಮನ ನೆನಪಾದಾಗ ಬೇಕಾ? 2024ರಲ್ಲಿ ಅಮೆರಿಕದಲ್ಲಿ ಪ್ರಕಟವಾದ ಒಂದು ಅಧ್ಯಯನ ನನಗೆ ಬಹಳ ಮುಖ್ಯ ಅನ್ನಿಸುತ್ತದೆ. 280 ಆರೋಗ್ಯವಂತರನ್ನು ಗುಂಪುಗಳಾಗಿ ಮಾಡಿ, ಒಂದು ಗುಂಪಿಗೆ ಸಿಟ್ಟು ತರಿಸಿದ ಹಳೆಯ ಘಟನೆಯನ್ನು 8 ನಿಮಿಷ ನೆನೆಯಲು ಹೇಳಿದರು. ಎದುರಿಗೆ ಜಗಳ ಇಲ್ಲ, ಬರೀ ನೆನಪು. ಅಷ್ಟಕ್ಕೇ ಅವರ ರಕ್ತನಾಳಗಳು ಹಿಗ್ಗುವ ಶಕ್ತಿ 40 ನಿಮಿಷದವರೆಗೆ ಕುಂದಿತ್ತು. ದುಃಖದ ನೆನಪು ಕೊಟ್ಟ ಗುಂಪಿನಲ್ಲಿ ಹಾಗೆ ಆಗಲಿಲ್ಲ. ಬೆಳಿಗ್ಗೆ ಹಲ್ಲುಜ್ಜುವಾಗ ಒಮ್ಮೆ, ತೋಟಕ್ಕೆ ಹೋಗುವಾಗ ಆ ಮರ ಕಂಡು ಒಮ್ಮೆ, ಊಟಕ್ಕೆ ಕೂತಾಗ ಒಮ್ಮೆ, ರಾತ್ರಿ ಮಲಗಿದಾಗ ಎರಡು ಸಲ, ಹೀಗೆ ಹನ್ನೊಂದು ವರ್ಷ ನೆನೆದರೆ ಆ ನಾಳಗಳಿಗೆ ಬಿಡುವು ಎಲ್ಲಿ ಸಿಗಬೇಕು?

"ಹಾಗಾದ್ರೆ ಎಲ್ಲಾ ಹೊರಗೆ ಹಾಕಿಬಿಡಲಾ?" ಅಂತ ಕೇಳುತ್ತಾರೆ. ಕೂಗಿಬಿಟ್ಟರೆ ಮನಸ್ಸು ಹಗುರ ಆಗುತ್ತದೆ ಅನ್ನುವ ನಂಬಿಕೆ ನಮ್ಮಲ್ಲಿ ಗಟ್ಟಿಯಾಗಿದೆ. 154 ಅಧ್ಯಯನಗಳನ್ನು ಸೇರಿಸಿ ನೋಡಿದ 2024ರ ಒಂದು ವರದಿ ಬೇರೆಯದೇ ಹೇಳುತ್ತದೆ: ಮೈ ಬಿಸಿ ಏರಿಸುವಂಥವು ಒಟ್ಟಾರೆ ಕೋಪವನ್ನು ಇಳಿಸುವುದಿಲ್ಲ, ಉಸಿರಾಟ, ಧ್ಯಾನದಂತೆ ಮೈಯನ್ನು ತಣ್ಣಗೆ ಮಾಡುವಂಥವು ಇಳಿಸುತ್ತವೆ. ನಮ್ಮ ಕಡೆ ಜಗಳ ಆದ ಕೂಡಲೇ ಗುದ್ದಲಿ ಹಿಡಿದು ತೋಟಕ್ಕೆ ಹೋಗಿ ಸಿಟ್ಟನ್ನೆಲ್ಲಾ ನೆಲದ ಮೇಲೆ ತೀರಿಸುವವರಿದ್ದಾರೆ. ದಯವಿಟ್ಟು ಹಾಗೆ ಮಾಡಬೇಡಿ. 52 ದೇಶಗಳ, 12,000ಕ್ಕೂ ಹೆಚ್ಚು ಹೃದಯಾಘಾತದ ರೋಗಿಗಳನ್ನು ನೋಡಿದ ಇಂಟರ್‌ಹಾರ್ಟ್ ಅಧ್ಯಯನದಲ್ಲಿ ಭಾರತದವರೂ ಇದ್ದರು. ಕೋಪ ಅಥವಾ ಮನಸ್ಸಿನ ಕ್ಷೋಭೆಯ ನಂತರದ ಒಂದು ಗಂಟೆಯಲ್ಲಿ ಹೃದಯಾಘಾತದ ಸಾಧ್ಯತೆ ದುಪ್ಪಟ್ಟಿಗಿಂತ ಜಾಸ್ತಿ, ಅದರ ಜೊತೆ ಮೈಮುರಿಯುವ ಕೆಲಸವೂ ಸೇರಿದರೆ ಮೂರು ಪಟ್ಟಿನ ಹತ್ತಿರ ಅಂತ ಅದರಲ್ಲಿ ಕಂಡಿತು. ದಿನಾ ಮಾಡುವ ನಡಿಗೆ, ಹೊಲದ ಕೆಲಸ ಒಳ್ಳೆಯದೇ. ಜಗಳದ ಬೆನ್ನಿಗೇ ಬೇಡ, ಅಷ್ಟೇ.

ಹೃದಯದ ಮಾತೇ ಜಾಸ್ತಿ ಆಯಿತು. ಮನೆಯೊಳಗೆ ಆಗುವ ನಷ್ಟ ಇದಕ್ಕಿಂತ ಬೇಗ ಕಾಣುತ್ತದೆ. ಯಜಮಾನರ ಹೆಂಡತಿ ಒಂದು ಸಲ ಒಬ್ಬರೇ ಬಂದಿದ್ದಾಗ ಹೇಳಿದರು, "ಇವ್ರ ಗಾಡಿ ಶಬ್ದ ಕೇಳಿದ್ರೆ ಮೊಮ್ಮಗಳು ಟಿವಿ ಆಫ್ ಮಾಡಿ ರೂಮಿಗೆ ಹೋಗ್ತಾಳೆ ಸಾರ್." ಯಜಮಾನರು ಮಗುವಿಗೆ ಒಂದು ಏಟೂ ಹೊಡೆದವರಲ್ಲ. ಮನೆಯವರು ಒಂದೊಂದೇ ವಿಷಯ ಮುಚ್ಚಿಡಲು ಶುರುಮಾಡುತ್ತಾರೆ, ಅದು ಗೊತ್ತಾದಾಗ "ನೋಡಿದ್ರಾ, ನನ್ನ ಮನೇಲೇ ನನಗೆ ಮೋಸ" ಅಂತ ಅನುಮಾನ ಇನ್ನಷ್ಟು ಬೇರು ಬಿಡುತ್ತದೆ. ಈ ಸುಳಿಯನ್ನು ನಾನು ಎಷ್ಟೋ ಮನೆಗಳಲ್ಲಿ ನೋಡಿದ್ದೇನೆ.

ಒಂದು ಮಾತು ಇಲ್ಲಿ ಹೇಳಲೇಬೇಕು. ಕುಡಿದು ಬಂದು ಹೊಡೆಯುವ ಗಂಡನ ಮೇಲೆ ಹೆಂಡತಿಗೆ ಬರುವ ಕೋಪಕ್ಕೆ, ಕೂಲಿ ಕೊಡದೆ ಸತಾಯಿಸುವವನ ಮೇಲೆ ಕೆಲಸದವನಿಗೆ ಬರುವ ಕೋಪಕ್ಕೆ ನಾನು ‘ಶಾಂತವಾಗಿರಿ’ ಅಂತ ಚೀಟಿ ಬರೆಯುವುದಿಲ್ಲ. ಅಲ್ಲಿ ಬದಲಾಗಬೇಕಾದ್ದು ಪರಿಸ್ಥಿತಿ. ಕೋಪ ಅಲ್ಲಿ ತನ್ನ ಕೆಲಸ ತಾನು ಮಾಡುತ್ತಿದೆ.

ಯಜಮಾನರಿಗೆ ಕೇಸು ಬಿಡಿ ಅಂತಲೂ ಹೇಳಲಿಲ್ಲ. ಅದು ಅವರ ಹಕ್ಕು. ವಾಯಿದೆ ದಿನ ಕೋರ್ಟಿಗೆ ಹೋಗಿ, ವಕೀಲರ ಹತ್ತಿರ ಮಾತಾಡಿ, ಮನೆಗೆ ಬಂದ ಮೇಲೆ ಮಾತ್ರ ಆ ವಿಷಯ ಎತ್ತಬೇಡಿ ಅಂದೆ. ನೆನಪು ಬಂದಾಗ ನಾಲ್ಕು ಎಣಿಸುವಷ್ಟು ಹೊತ್ತು ಉಸಿರು ಎಳೆದು, ಆರು ಎಣಿಸುವಷ್ಟು ಹೊತ್ತು ಬಿಡುವುದು, ಐದು ನಿಮಿಷ. ಉಸಿರು ನಿಧಾನವಾಗಿ ಬಿಟ್ಟಾಗ ಎದೆ ಬಡಿತ ಇಳಿಯುವುದನ್ನು ಮಣಿಕಟ್ಟಿನ ನಾಡಿಯಲ್ಲೇ ಮುಟ್ಟಿ ತೋರಿಸಿದೆ. ಕಣ್ಣಾರೆ ಕಂಡಿದ್ದನ್ನು ಅವರು ನಂಬುತ್ತಾರೆ. ಐದು ತಿಂಗಳಾಯಿತು, ಬಿಪಿಯ ಮೇಲಿನ ಅಂಕಿ ಈಗ 136ರ ಆಸುಪಾಸಿನಲ್ಲಿದೆ. ಮಾತ್ರೆ ನಿಲ್ಲಿಸಿಲ್ಲ. ತಮ್ಮನ ಜೊತೆ ಮಾತೂ ಇಲ್ಲ.

ಎಲ್ಲಾ ಸಿಡುಕಿಗೂ ಇಷ್ಟೇ ಮದ್ದಲ್ಲ. ಮೊದಲು ಸಮಾಧಾನವಾಗಿದ್ದವರು ಕೆಲವು ತಿಂಗಳಿಂದ ಸುಮ್ಸುಮ್ನೆ ರೇಗುತ್ತಿದ್ದರೆ ಥೈರಾಯ್ಡ್ ನೋಡಿಸಿ. ಗೊರಕೆ ಜೋರಾಗಿದ್ದು ಹಗಲೆಲ್ಲಾ ತೂಕಡಿಸುತ್ತಿದ್ದರೆ ನಿದ್ದೆಯಲ್ಲಿ ಉಸಿರು ಕಟ್ಟುವ ತೊಂದರೆ ಇರಬಹುದು. ಗಂಡಸರಲ್ಲಿ ಖಿನ್ನತೆ ಎಷ್ಟೋ ಸಲ ಅಳುವಾಗಿ ಬಾರದೆ ಸಿಡುಕಾಗಿ ಬರುತ್ತದೆ, ಅದಕ್ಕೆ ಒಳ್ಳೆಯ ಚಿಕಿತ್ಸೆ ಇದೆ. ಮನೋವೈದ್ಯರ ಹತ್ತಿರ ಹೋಗಲು ಹಿಂಜರಿಕೆ ಆದರೆ 14416ಕ್ಕೆ ಕರೆ ಮಾಡಿ. ಅದು ಸರ್ಕಾರದ ಟೆಲಿ ಮಾನಸ್, ದುಡ್ಡಿಲ್ಲ, ಕನ್ನಡದಲ್ಲೇ ಮಾತಾಡಬಹುದು.

ಜಗಳ ಆದ ಮೇಲೆ ಎದೆ ಭಾರ ಅನ್ನಿಸಿದರೆ, ಎಡಗೈ ಅಥವಾ ದವಡೆಗೆ ನೋವು ಹರಿದರೆ, ತಣ್ಣನೆ ಬೆವರು ಬಂದರೆ, ಗ್ಯಾಸ್ ಅಂತ ಸೋಡಾ ಕುಡಿದು ಮಲಗಬೇಡಿ. 108ಕ್ಕೆ ಫೋನ್ ಮಾಡಿ. ಆ ಹೊತ್ತಿನಲ್ಲಿ ಯಾರ ಜೊತೆ ಜಗಳ ಆಡಿದ್ದಿರೋ ಅವರೇ ಪಕ್ಕದಲ್ಲಿದ್ದರೂ ಪರವಾಗಿಲ್ಲ, ಆಸ್ಪತ್ರೆಗೆ ಕರ್ಕೊಂಡು ಹೋಗಿ ಅಂತ ಕೇಳಿ.