ಲವ್ ಬರ್ಡ್ಸ್‌ಗೆ ಒಂದು ಚೂರು ಚಿಪ್ಸ್ ಕೊಟ್ರೆ ಏನಾಗುತ್ತೆ?

ಪ್ರಶ್ನೆ: ನಮ್ಮ ಮನೆಯಲ್ಲಿ ಒಂದು ಜೊತೆ ಲವ್ ಬರ್ಡ್ಸ್ ಇವೆ. ಮಕ್ಕಳು ತಾವು ತಿನ್ನುವ ಚಿಪ್ಸ್, ಬಿಸ್ಕೆಟ್, ಹಣ್ಣು ಎಲ್ಲದರಲ್ಲೂ ಒಂದು ಚೂರು ಮುರಿದು ಪಂಜರದೊಳಗೆ ಹಾಕುತ್ತಾರೆ. ಅವೂ ಖುಷಿಯಾಗಿ ತಿನ್ನುತ್ತವೆ. ‘ಒಂದು ಚೂರಿಗೆ ಏನಾಗುತ್ತೆ ಬಿಡು’ ಅಂತಾರೆ ನಮ್ಮತ್ತೆ. ಹೌದಾ?

ಉತ್ತರ: ನಮ್ಮ ಕಡೆ ಅಂಗಡಿಯವರು ಲವ್ ಬರ್ಡ್ಸ್ ಅಂತ ಕೊಡುವುದು ಹೆಚ್ಚಾಗಿ ಬಡ್ಜಿಗಳನ್ನು. ಆಸ್ಟ್ರೇಲಿಯಾ ಮೂಲದ ಪುಟ್ಟ ಹಕ್ಕಿ, ತೂಕ 30ರಿಂದ 40 ಗ್ರಾಂ. ಈಗ ಆ ‘ಒಂದು ಚೂರಿನ’ ಲೆಕ್ಕ ಹಾಕಿ. 35 ಗ್ರಾಂ ಹಕ್ಕಿ ಅರ್ಧ ಗ್ರಾಂ ಚಿಪ್ಸ್ ತಿಂದರೆ, 60 ಕೆ.ಜಿ. ಮನುಷ್ಯ ಒಂದೇ ಸಲಕ್ಕೆ ಮುಕ್ಕಾಲು ಕೆ.ಜಿ.ಗಿಂತ ಜಾಸ್ತಿ ಚಿಪ್ಸ್ ತಿಂದ ಹಾಗೆ. ಅಷ್ಟೂ ಉಪ್ಪು, ಅಷ್ಟೂ ಎಣ್ಣೆ. ಒಮ್ಮೆ ಕುಕ್ಕಿದ ತಕ್ಷಣ ಹಕ್ಕಿ ಬೀಳುವುದಿಲ್ಲ. ದಿನಾ ಹೀಗೇ ನಡೆದರೆ ಮೂತ್ರಪಿಂಡ, ಲಿವರ್ ಎರಡಕ್ಕೂ ಪೆಟ್ಟು. ಮಿಕ್ಸ್ಚರ್, ಬಿಸ್ಕೆಟ್‌ಗೂ ಇದೇ ಮಾತು.

ಆದರೆ ಒಂದು ಚೂರನ್ನೂ ಕೊಡಬಾರದ ಹಣ್ಣೊಂದಿದೆ: ಬೆಣ್ಣೆ ಹಣ್ಣು, ಅಂದರೆ ಬಟರ್ ಫ್ರೂಟ್. ಕೊಡಗು, ಚಿಕ್ಕಮಗಳೂರಿನ ತೋಟಗಳಲ್ಲಿ ಬೆಳೆಯುತ್ತದೆ, ಜ್ಯೂಸ್ ಅಂಗಡಿಯಲ್ಲೂ ಸಿಗುತ್ತದೆ. ನಮಗೆ ಒಳ್ಳೆಯದು ಅಂತ ಹಕ್ಕಿಗೂ ಕೊಡುವವರಿದ್ದಾರೆ. ಅದರಲ್ಲಿರುವ ಪರ್ಸಿನ್ ಎಂಬ ವಿಷ ಹಕ್ಕಿಯ ಹೃದಯದ ಸ್ನಾಯುವನ್ನು ಹಾಳು ಮಾಡುತ್ತದೆ. ಉಸಿರು ಕಟ್ಟಿ, ಒಂದೆರಡು ದಿನದೊಳಗೆ ಹಕ್ಕಿ ಸಾಯಬಹುದು. ಇದಕ್ಕೆ ಪ್ರತಿವಿಷ ಇಲ್ಲ. ಎಲೆ, ತೊಗಟೆ, ಬೀಜದಲ್ಲೂ ಪರ್ಸಿನ್ ಇರುತ್ತದೆ. ಹಾಗಾಗಿ ಹಿತ್ತಲಿನ ಬೆಣ್ಣೆ ಹಣ್ಣಿನ ಮರದ ಕೊಂಬೆ ಕಡಿದು ಹಕ್ಕಿ ಕೂರಲು ಪಂಜರಕ್ಕೆ ಕಟ್ಟಬೇಡಿ. ಸೀಬೆ ಮರದ್ದಾದರೆ ಸರಿ.

ಚಾಕೊಲೇಟ್, ಕಾಫಿ, ಟೀ ಕೂಡ ಬೇಡವೇ ಬೇಡ. ಹಕ್ಕಿ ಹೊರಗೆ ಹಾರಾಡುವ ಮನೆಯಲ್ಲಿ ಕಾಫಿ ಲೋಟದ ಮೇಲೆ ಕಣ್ಣಿರಲಿ, ಅಂಚಿನ ಮೇಲೆ ಬಂದು ಕೂರುವುದು ಅವಕ್ಕೆ ಬಲು ಇಷ್ಟ. ಈರುಳ್ಳಿ, ಬೆಳ್ಳುಳ್ಳಿ ಬೇಡ. ಅಂದರೆ ಪಲ್ಯ, ಚಿತ್ರಾನ್ನವೂ ಹೋಯಿತು. ಸೇಬಿನ ಬೀಜ ತೆಗೆದು ತಿರುಳು ಮಾತ್ರ ಕೊಡಿ, ಬೀಜ ಜಜ್ಜಿದರೆ ಸಯನೈಡ್ ಹುಟ್ಟುತ್ತದೆ. ಕಡಲೆಕಾಯಿಗೆ ಹಿಡಿಯುವ ಬೂಷ್ಟು ಲಿವರ್‌ಗೆ ವಿಷ, ಕೆಲವು ಸಲ ಕಣ್ಣಿಗೂ ಕಾಣುವುದಿಲ್ಲ. ನಾನಂತೂ ಕೊಡುವುದಿಲ್ಲ. ಬಾಯಲ್ಲಿ ಕಚ್ಚಿ ಹಿಡಿದು ಹಕ್ಕಿಗೆ ತಿನ್ನಿಸುವುದನ್ನೂ ಬಿಡಿ, ನಮ್ಮ ಎಂಜಲಿನ ಬ್ಯಾಕ್ಟೀರಿಯಾ ಅವಕ್ಕೆ ಆಗಿಬರುವುದಿಲ್ಲ.

ಹಾಗಾದರೆ ಮಕ್ಕಳು ಏನು ಕೊಡಬೇಕು? ಹಸಿಮೆಣಸಿನಕಾಯಿ ಕೊಡಲಿ! ತಮಾಷೆ ಅಲ್ಲ. ಮೆಣಸಿನ ಖಾರ ನಮ್ಮ ನಾಲಿಗೆಗೆ ಉರಿಯುವ ಹಾಗೆ ಹಕ್ಕಿಗೆ ಉರಿಯುವುದಿಲ್ಲ. ಗಿಳಿ ಮೆಣಸಿನಕಾಯಿ ತಿನ್ನುವುದನ್ನು ನೀವೂ ನೋಡಿರಬಹುದು. (ನಮ್ಮ ನಾಡಿನ ಗಿಳಿಯನ್ನು ಸಾಕುವುದು 1972ರ ವನ್ಯಜೀವಿ ಕಾಯ್ದೆಯ ಪ್ರಕಾರ ಅಪರಾಧ, ಅದು ಬೇರೆ ಮಾತು.) ಒಂದು ಕಾಯಿ ಉದ್ದಕ್ಕೆ ಸೀಳಿ ಬಟ್ಟೆ ಕ್ಲಿಪ್ಪಿನಿಂದ ಸರಳಿಗೆ ಸಿಕ್ಕಿಸಿ. ನಮ್ಮ ಬಡ್ಜಿ ಮೊದಲು ದೂರದಿಂದ ಕತ್ತು ಓರೆ ಮಾಡಿ ನೋಡುತ್ತದೆ. ಆಮೇಲೆ ಬಂದು ಒಂದೊಂದೇ ಬೀಜ ಕಿತ್ತು, ಸಿಪ್ಪೆ ಕೆಳಗೆ ಉದುರಿಸುತ್ತದೆ. ಆ ಕಾಯಿ ಮುಟ್ಟಿದ ಕೈಯಲ್ಲಿ ಮಕ್ಕಳು ಕಣ್ಣುಜ್ಜಿಕೊಳ್ಳದ ಹಾಗೆ ನೋಡಿಕೊಳ್ಳಿ, ಅಷ್ಟೇ.

ಇನ್ನೊಂದು, ನವಣೆ ತೆನೆ. ಪೆಟ್ ಅಂಗಡಿಯಲ್ಲಿ ಅಂದದ ಪ್ಯಾಕೆಟ್ಟಿನಲ್ಲಿ ‘ಸ್ಪ್ರೇ ಮಿಲೆಟ್’ ಅಂತ ಮಾರುವುದು ಇದನ್ನೇ! ನವಣೆ ಬೆಳೆಯುವ ಊರಿನಲ್ಲಿ ನೆಂಟರಿದ್ದರೆ ಒಂದು ಹಿಡಿ ತೆನೆ ತರಿಸಿ, ಔಷಧಿ ಹೊಡೆದಿಲ್ಲ ಅಂತ ಕೇಳಿಕೊಂಡು. ಆದರೆ ಇದು ವಾರಕ್ಕೆ ಒಂದೆರಡು ತುಂಡು ಸಾಕು, ಸುಮ್ನೆ ಕಾಳೇ ತಿಂದು ಕೂತರೆ ಹಕ್ಕಿಗೆ ಕೊಬ್ಬು ಬರುತ್ತದೆ. ದಿನಕ್ಕೆ ನುಗ್ಗೆ ಸೊಪ್ಪು, ಕೊತ್ತಂಬರಿ, ತುರಿದ ಕ್ಯಾರೆಟ್ ಒಳ್ಳೆಯದು. ಚೆನ್ನಾಗಿ ತೊಳೆಯಿರಿ, ಉಳಿದದ್ದನ್ನು ಒಂದೆರಡು ಗಂಟೆಯಲ್ಲಿ ತೆಗೆದುಬಿಡಿ. ಮೊದಲ ದಿನ ಮುಟ್ಟದಿದ್ದರೆ ಬೇಸರ ಬೇಡ. ಕೆಲವು ಹಕ್ಕಿಗೆ ಹೊಸ ಸೊಪ್ಪು ರೂಢಿಯಾಗಲು ವಾರಗಳೇ ಬೇಕು.

ಬೆಣ್ಣೆ ಹಣ್ಣೋ ಚಾಕೊಲೇಟೋ ಈಗಾಗಲೇ ಹೊಟ್ಟೆ ಸೇರಿದ್ದರೆ, ಲಕ್ಷಣ ಕಾಣಲಿ ಅಂತ ಕಾಯಬೇಡಿ. ಹಕ್ಕಿ ಕಾಯಿಲೆಯನ್ನು ಕೊನೆಯವರೆಗೂ ಬಚ್ಚಿಡುತ್ತದೆ. ಗರಿ ಉಬ್ಬಿಸಿಕೊಂಡು ಪಂಜರದ ತಳದಲ್ಲಿ ಕೂತಿತು, ಉಸಿರಿಗೊಮ್ಮೆ ಬಾಲ ಆಡಿಸಿತು ಅಂದರೆ ಆಗಲೇ ತಡವಾಗಿದೆ. ಮನೆಮದ್ದು ಹಾಕಬೇಡಿ, ಬಾಯಿಗೆ ನೀರು ಸುರಿಯಬೇಡಿ. ಪಂಜರಕ್ಕೆ ಬಟ್ಟೆ ಮುಚ್ಚಿ ಬೆಚ್ಚಗಿಟ್ಟು, ತಿಂದು ಉಳಿದ ತುಂಡನ್ನೂ ಜೊತೆಗೆ ಹಿಡಿದು, ಹಕ್ಕಿಗಳನ್ನು ನೋಡುವ ಪಶುವೈದ್ಯರ ಹತ್ತಿರ ಹೊರಡಿ. ಎಲ್ಲ ಪಶುವೈದ್ಯರೂ ಹಕ್ಕಿ ನೋಡುವುದಿಲ್ಲ. ನಿಮ್ಮೂರಲ್ಲಿ ಯಾರು ನೋಡುತ್ತಾರೆ ಅಂತ ಇವತ್ತೇ ವಿಚಾರಿಸಿ ನಂಬರ್ ಬರೆದಿಟ್ಟುಕೊಳ್ಳಿ.