ರಿಗ್ರೆಶನ್: ಅಂದಾಜಿನ ಲೆಕ್ಕಕ್ಕೆ ‘ಹಿಂಜರಿತ’ ಎಂಬ ಹೆಸರು ಹೇಗೆ ಬಂತು?

ಗೊಬ್ಬರ ಇಷ್ಟು ಹಾಕಿದರೆ ಇಳುವರಿ ಎಷ್ಟು ಬಂದೀತು? ಅಂಕಿಅಂಶ ಇಟ್ಟುಕೊಂಡು ಇಂಥ ಅಂದಾಜು ಮಾಡುವ ಲೆಕ್ಕವೇ ರಿಗ್ರೆಶನ್. ಆ ಇಂಗ್ಲಿಷ್ ಪದದ ಅರ್ಥ ಮಾತ್ರ ಹಿಂದಕ್ಕೆ ಸರಿಯುವುದು. ಇದರಲ್ಲಿ ಹಿಂದೆ ಸರಿಯುವಂಥದ್ದೇನಿದೆ? ಏನೂ ಇಲ್ಲ. ಹೆಸರು ಅಂಟಿಕೊಂಡದ್ದು ಮನುಷ್ಯರ ಎತ್ತರದ ಲೆಕ್ಕದಿಂದ.

1886ರಲ್ಲಿ ಇಂಗ್ಲೆಂಡಿನ ವಿಜ್ಞಾನಿ ಫ್ರಾನ್ಸಿಸ್ ಗಾಲ್ಟನ್ 205 ದಂಪತಿಗಳ ಮತ್ತು ಅವರ ಬೆಳೆದ 928 ಮಕ್ಕಳ ಎತ್ತರವನ್ನು ಕೋಷ್ಟಕಕ್ಕಿಳಿಸಿದ. ಹೆಂಗಸರ ಎತ್ತರವನ್ನು 1.08ರಿಂದ ಗುಣಿಸಿ ಗಂಡಸರ ಎತ್ತರಕ್ಕೆ ಹೊಂದಿಸಿಕೊಂಡು, ಅಪ್ಪ–ಅಮ್ಮಂದಿರ ಸರಾಸರಿ ತೆಗೆದ. ಕಂಡದ್ದು ಇದು: ಅಪ್ಪ–ಅಮ್ಮ ಸರಾಸರಿಗಿಂತ 3 ಇಂಚು ಎತ್ತರವಿದ್ದರೆ, ಮಕ್ಕಳು ಹೆಚ್ಚುಕಡಿಮೆ 2 ಇಂಚಷ್ಟೇ ಎತ್ತರ. ಕುಳ್ಳರ ಮಕ್ಕಳೂ ಅಷ್ಟು ಕುಳ್ಳರಲ್ಲ. ಮಕ್ಕಳು ಸರಾಸರಿಯತ್ತ ಹೀಗೆ ವಾಲುವುದನ್ನು ಅವನು ರಿಗ್ರೆಶನ್ ಎಂದ. (‘ಯುಜೆನಿಕ್ಸ್’, ಅಂದರೆ ಆಯ್ದವರಿಗಷ್ಟೇ ಮಕ್ಕಳಾಗುವಂತೆ ಮಾಡಿ ಮನುಷ್ಯರ ತಳಿ ಸುಧಾರಿಸಬೇಕೆಂಬ ವಾದ, ಆ ಪದವನ್ನು ಹುಟ್ಟಿಸಿದವನೂ ಇವನೇ. ಅದು ಮಾಡಿದ ಹಾನಿಯ ಮುಂದೆ ಈ ಎಡವಟ್ಟು ಹೆಸರು ಯಾವ ಲೆಕ್ಕ!)

ಹಾಗಾದರೆ ತಲೆಮಾರಿನಿಂದ ತಲೆಮಾರಿಗೆ ಎಲ್ಲರೂ ಒಂದೇ ಎತ್ತರಕ್ಕೆ ಬರಬೇಕಲ್ಲ? ಇಲ್ಲ. ಅದೇ ಕೋಷ್ಟಕವನ್ನು ಮಕ್ಕಳ ಕಡೆಯಿಂದ ಓದಿದರೆ ತಮಾಷೆ ಗೊತ್ತಾಗುತ್ತದೆ. ಸರಾಸರಿಗಿಂತ 3 ಇಂಚು ಎತ್ತರದ ಮಕ್ಕಳನ್ನಷ್ಟೇ ಆರಿಸಿಕೊಂಡರೆ, ಅವರ ಅಪ್ಪ–ಅಮ್ಮಂದಿರ ಸರಾಸರಿ 1 ಇಂಚಿನಷ್ಟೇ ಹೆಚ್ಚು! ಯಾರೂ ಯಾರನ್ನೂ ಕೆಳಗೆ ಎಳೆಯುತ್ತಿಲ್ಲ. ಸಂಬಂಧ ಪೂರ್ತಿ ಬಿಗಿಯಾಗಿಲ್ಲದ ಕಡೆ, ತುತ್ತತುದಿಯವರನ್ನು ಹೆಕ್ಕಿದರೆ ಅವರ ಜೋಡಿ ಅಷ್ಟು ತುದಿಯಲ್ಲಿ ಸಿಗುವುದಿಲ್ಲ, ಅಷ್ಟೆ.

ಸಹಸಂಬಂಧಕ್ಕೂ ರಿಗ್ರೆಶನ್‌ಗೂ ಇರುವ ಅಂತರ ಇಲ್ಲೇ ಇದೆ. ಸಹಸಂಬಂಧ ಎಂದರೆ ಎರಡು ಚಲಕಗಳು (ಎತ್ತರ, ಇಳುವರಿಯಂಥ ಬದಲಾಗುವ ಅಳತೆಗಳು) ಎಷ್ಟು ಬಿಗಿಯಾಗಿ ಜೊತೆಜೊತೆಗೆ ಏರಿಳಿಯುತ್ತವೆ ಎಂದು ಹೇಳುವ, −1ರಿಂದ +1ರೊಳಗಿನ ಒಂದು ಸಂಖ್ಯೆ. ಆ ಎರಡನ್ನು ಅದಲುಬದಲು ಮಾಡಿದರೂ ಅದು ಅದೇ. ರಿಗ್ರೆಶನ್ ಹಾಗಲ್ಲ, ಯಾವುದರಿಂದ ಯಾವುದನ್ನು ಅಂದಾಜಿಸುತ್ತೀರಿ ಎಂಬುದನ್ನು ಮೊದಲೇ ಹೇಳಬೇಕು. ತಿರುಗಿಸಿದರೆ ಅಂದಾಜು ತೋರಿಸುವ ಗೆರೆಯೇ ಬೇರೆ. ಗೊಬ್ಬರದ ಜೊತೆಗೆ ಮಳೆ, ಮಣ್ಣನ್ನೂ ಸೇರಿಸಿದರೆ ಅದು ಬಹುಚಲಕ ರಿಗ್ರೆಶನ್: ಮಳೆ, ಮಣ್ಣು ಒಂದೇ ಇದ್ದಾಗ ಗೊಬ್ಬರದ ಪಾಲೆಷ್ಟು ಎಂಬ ಪ್ರಶ್ನೆ.

ಗಾಲ್ಟನ್ ಕಂಡ ಆ ವಾಲಿಕೆ ಮಾತ್ರ ಇಂದಿಗೂ ಜನರನ್ನು ಯಾಮಾರಿಸುತ್ತದೆ. ಕಿರುಪರೀಕ್ಷೆಯಲ್ಲಿ ತೀರಾ ಕಡಿಮೆ ಅಂಕ ತೆಗೆದವರಿಗೆ ಮೇಷ್ಟ್ರು ಚೆನ್ನಾಗಿ ಬೈಯುತ್ತಾರೆ, ಮುಂದಿನ ಸಲ ಅವರ ಅಂಕ ಏರುತ್ತದೆ. ಮೊದಲು ಬಂದವರನ್ನು ಹೊಗಳುತ್ತಾರೆ, ಅವರದು ಇಳಿಯುತ್ತದೆ. ಬೈಗುಳಕ್ಕೆ ಫಲವಿದೆ ಎಂದು ಮೇಷ್ಟ್ರು ನಂಬಿಬಿಡುತ್ತಾರೆ. ಸುಮ್ಮನೆ ಕೂತಿದ್ದರೂ ಎರಡೂ ಆಗುವ ಸಂಭವವಿತ್ತು.